ಕೋಳಿಮರಿಗಳ ಜೊತೆಸಾಕಣೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ಸಣ್ಣ ತಳಿಯ ಮರಿಗಳನ್ನೂ ದೊಡ್ಡ ತಳಿಯ ಮರಿಗಳನ್ನೂ ಒಂದೇ ಗೂಡಿನಲ್ಲಿ, ಒಂದೇ ಕಾವಿನಡಿ ಬೆಳೆಸುವ ಕ್ರಮ. ಪಾಶ್ಚಾತ್ಯ ದೇಶಗಳಲ್ಲಿ ಬ್ಯಾಂಟಮ್ ಎಂಬ ಕುಳ್ಳ ಕೋಳಿಗಳನ್ನು ಹವ್ಯಾಸಕ್ಕೆ ಸಾಕುವವರು ಇದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಾದರೋ ಹಿತ್ತಿಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವ ಸಾಮಾನ್ಯ ಮನೆಗೇ ಈ ಪ್ರಶ್ನೆ ಎದುರಾಗುತ್ತದೆ. ಇಲ್ಲಿ ಸಣ್ಣ ತಳಿಯೆಂದರೆ ಮುಖ್ಯವಾಗಿ ಊರ ಕೋಳಿ, ತುಳುವಿನಲ್ಲಿ ಊರ್ದ ಕೋರಿ. ಅಪರೂಪಕ್ಕೆ ಸಿಲ್ಕಿ, ಬ್ಯಾಂಟಮ್‌ನಂಥ ಅಲಂಕಾರದ ಕೋಳಿ. ದೊಡ್ಡ ತಳಿಯೆಂದರೆ ಗಿರಿರಾಜ, ಸ್ವರ್ಣಧಾರ, ವನರಾಜ ಮುಂತಾದ ಸುಧಾರಿತ ತಳಿಗಳು. ಒಂದೇ ದಿನ ಮೊಟ್ಟೆಯೊಡೆದು ಬಂದ ಇವೆರಡರ ಮರಿಗಳನ್ನು ಅಕ್ಕಪಕ್ಕ ಇಟ್ಟರೆ ಗಾತ್ರದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣದು. ತಿಂಗಳು ಕಳೆಯುವಷ್ಟರಲ್ಲಿ ಒಂದು ಇನ್ನೊಂದರ ಇಮ್ಮಡಿಯಾಗಿರುತ್ತದೆ. ಜೊತೆಸಾಕಣೆಯ ಎಲ್ಲ ಜಾಣ್ಮೆಯೂ ಬೇಕಾಗುವುದು ಈ ಒಂದು ತಿಂಗಳಲ್ಲಿ.

ನೆಲ ಮತ್ತು ತಳಿಗಳು

ನೇತ್ರಾವತಿ ದಂಡೆಯ ಬಂಟ್ವಾಳ, ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿ, ಹಿಂದೆ ಮಂಗಳೂರು ತಾಲೂಕಿಗೆ ಸೇರಿದ್ದು ಈಗ ಸ್ವತಂತ್ರ ತಾಲೂಕಾಗಿರುವ ಮೂಡುಬಿದಿರೆ, ಈ ಮೂರೂ ಕಡೆ ಮನೆಗಳು ಒತ್ತಾಗಿ ನಿಂತ ಕೇರಿಗಳಲ್ಲಿಲ್ಲ. ಅಡಿಕೆ ತೋಟ, ಗದ್ದೆ, ಗುಡ್ಡದ ನಡುವೆ ಒಂದೊಂದು ಮನೆ ಒಂದೊಂದು ಕಡೆ. ಹೀಗಾಗಿ ಪ್ರತಿ ಮನೆಯ ಕೋಳಿಹಿಂಡೂ ಬಹುಮಟ್ಟಿಗೆ ಬೇರೆಯಾಗಿಯೇ ಉಳಿಯುತ್ತದೆ. ಬಯಲುಸೀಮೆಯ ಒತ್ತೊತ್ತಾದ ಹಳ್ಳಿಯಲ್ಲಿ ಒಂದು ಮನೆಯ ಕೋಳಿಗೆ ಬಂದ ರೋಗ ಬೇಗನೆ ಊರೆಲ್ಲ ಹರಡಿದರೆ, ಇಲ್ಲಿ ಅದು ಹೆಚ್ಚಾಗಿ ಕೊಂಡು ತಂದ ಮರಿಯ ಜೊತೆಗೇ ಅಂಗಳಕ್ಕೆ ಕಾಲಿಡುತ್ತದೆ. ಜೊತೆಸಾಕಣೆಯ ವಿಚಾರದಲ್ಲಿ ಇದನ್ನು ಮೊದಲು ನೆನಪಿಡಬೇಕು, ಯಾಕೆಂದರೆ ದೊಡ್ಡ ತಳಿಯ ಮರಿ ಬಹುಪಾಲು ಹೊರಗಿನಿಂದಲೇ ಬರುವಂಥದು.

ಘಟ್ಟದ ಕಾಡಿನಲ್ಲಿ ಕೂಗುವ ಬೂದು ಕಾಡುಕೋಳಿ ಊರ ಕೋಳಿಯ ನೇರ ಪೂರ್ವಜನಲ್ಲ. ಸಾಕುಕೋಳಿಯ ಮುಖ್ಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಹಲವು ಸಾಕುಕೋಳಿಗಳ ಹಳದಿ ಚರ್ಮ, ಹಳದಿ ಕಾಲಿನ ಗುಣ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಜಗತ್ತಿನ ಎಷ್ಟೋ ಕೋಳಿಗಳ ಕಾಲಿನ ಬಣ್ಣಕ್ಕೆ ಭಾರತದ ಕಾಡಿನ ಈ ಹಕ್ಕಿ ಕಾರಣವೆಂಬುದು ಸಣ್ಣ ಮಾತಲ್ಲ. ಕಾಡುಕೋಳಿಯ ಮೊಟ್ಟೆ ತಂದು ಊರ ಹೇಂಟೆಯ ಕಾವಿಗಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ.

ಊರ ಕೋಳಿಗೆ ಗೊತ್ತುಪಡಿಸಿದ ತಳಿರೂಪವಿಲ್ಲ. ಕೆಂಪು, ಕಪ್ಪು, ಬಿಳಿ, ಚುಕ್ಕೆ, ಬೋಳು ಕುತ್ತಿಗೆ, ಗಿಡ್ಡ ಕಾಲು ಎಲ್ಲವೂ ಒಂದೇ ಹಿಂಡಿನಲ್ಲಿ ಸಿಗುತ್ತವೆ. ಪೆರಡೆ, ಅಂದರೆ ಹೇಂಟೆ, ಸಾಮಾನ್ಯವಾಗಿ ಒಂದೂಕಾಲು ಕೆ.ಜಿ. ಆಸುಪಾಸು ತೂಗುತ್ತದೆ, ಪುಂಜ, ಅಂದರೆ ಹುಂಜ, ಅದಕ್ಕಿಂತ ಅರ್ಧ ಕೆ.ಜಿ. ಹೆಚ್ಚು. ವರ್ಷಕ್ಕೆ 50ರಿಂದ 70 ಮೊಟ್ಟೆ. ಒಂದು ಮೊಟ್ಟೆಯ ತೂಕ 40 ಗ್ರಾಂ ಸುಮಾರು, ಅದರಿಂದ ಬರುವ ಮರಿಯದು 28 ಗ್ರಾಂ ಸುಮಾರು. ಮೊಟ್ಟೆಯ ತೂಕದ ಮೂರನೇ ಎರಡು ಪಾಲು ಮರಿಯಾಗುತ್ತದೆ ಎಂಬ ಲೆಕ್ಕ ಎಲ್ಲ ತಳಿಗೂ ಹೊಂದುತ್ತದೆ. ಆದ್ದರಿಂದ ಬ್ಯಾಂಟಮ್ ಮರಿ 20-25 ಗ್ರಾಂ, ಗಿರಿರಾಜನ ಮರಿ 40 ಗ್ರಾಂ ಮೇಲ್ಪಟ್ಟು. ಜಾವಾದ ಬಾಂಟೆನ್ ಬಂದರಿನ ಹೆಸರು ಹೊತ್ತ ಬ್ಯಾಂಟಮ್ ಕೋಳಿಗಳು ಬೆಳೆದ ಮೇಲೂ ಸಾಮಾನ್ಯವಾಗಿ ಒಂದು ಕೆ.ಜಿ. ದಾಟುವುದಿಲ್ಲ. ಮಲೇಷ್ಯಾದ ಸೆರಾಮಾ ಅರ್ಧ ಕೆ.ಜಿ.ಯೂ ತೂಗದು. ಇವುಗಳ ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮ ಊರ ಕೋಳಿ ಮಧ್ಯಮ ಗಾತ್ರದ್ದು. ಗಿರಿರಾಜನ ಪಕ್ಕದಲ್ಲಿ ಮಾತ್ರ ಅದು ಚಿಕ್ಕದು.

ಗಿಡ್ಡ ಕಾಲಿನ ಕೋಳಿಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ನೆಲಕ್ಕೆ ಹೊಟ್ಟೆ ತಾಗುವಂತೆ ನಡೆಯುವ ಈ ಕೋಳಿಗಳಲ್ಲಿ ಹಲವಕ್ಕೆ ಆ ರೂಪ ಬರುವುದು ಒಂದೇ ಒಂದು ಪ್ರಬಲ ವಂಶವಾಹಿಯಿಂದ. ಅದು ತಂದೆ, ತಾಯಿ ಎರಡೂ ಕಡೆಯಿಂದ ಬಂದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಗಿಡ್ಡ ಹುಂಜಕ್ಕೆ ಗಿಡ್ಡ ಹೇಂಟೆಯನ್ನೇ ಜೊತೆ ಮಾಡಿದಾಗ ಕಾವಿಗಿಟ್ಟ ಮೊಟ್ಟೆಗಳಲ್ಲಿ ನಾಲ್ಕರಲ್ಲೊಂದು ಪಾಲು ಒಡೆಯದೆ ಉಳಿಯುವುದಕ್ಕೆ ಕಾವಿನ ದೋಷವೋ ದೃಷ್ಟಿದೋಷವೋ ಕಾರಣವಲ್ಲ, ಈ ವಂಶವಾಹಿ ಕಾರಣ.

ದೊಡ್ಡ ತಳಿಗಳಲ್ಲಿ ಕರ್ನಾಟಕಕ್ಕೆ ಹೆಚ್ಚು ಪರಿಚಿತವಾದ ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೂಸು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾಯಿತು. ಬಣ್ಣದ ಗರಿ, ಗಟ್ಟಿ ಕಾಲು, ಅಂಗಳದಲ್ಲಿ ಮೇದು ಬದುಕುವ ಶಕ್ತಿ, ವರ್ಷಕ್ಕೆ 130-150 ಮೊಟ್ಟೆ ಅದರ ಗುಣಗಳು. ಅದರ ನಂತರ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ 2005ರಲ್ಲಿ ಸ್ವರ್ಣಧಾರವನ್ನು ಬಿಡುಗಡೆ ಮಾಡಿತು. ಇದು 22-23 ವಾರಕ್ಕೆ ಹೇಂಟೆ 3 ಕೆ.ಜಿ., ಹುಂಜ 4 ಕೆ.ಜಿ. ಸುಮಾರು ತೂಗುವ, ವರ್ಷಕ್ಕೆ 180ಕ್ಕೂ ಹೆಚ್ಚು ಮೊಟ್ಟೆಯಿಡುವ ತಳಿ. ವನರಾಜ, ಗ್ರಾಮಪ್ರಿಯ ತಳಿಗಳು ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದವು. ಜಿಲ್ಲೆಯ ರೈತರಿಗೆ ಈ ತಳಿಗಳ ಬಗ್ಗೆ ಮಾಹಿತಿ, ತರಬೇತಿ ಸಿಗುವುದು ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಿಂದ ಮತ್ತು ಅದೇ ಬೀದರ್ ವಿಶ್ವವಿದ್ಯಾಲಯಕ್ಕೆ ಸೇರಿದ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಿಂದ.

2019ರ ಜಾನುವಾರು ಗಣತಿಯ ಪ್ರಕಾರ ದೇಶದ ಕೋಳಿಗಳು ಒಟ್ಟು 85 ಕೋಟಿ, ಅದರಲ್ಲಿ ಹಿತ್ತಿಲಲ್ಲಿ ಸಾಕಿದವು 31.7 ಕೋಟಿ. ಹಿಂದಿನ ಗಣತಿಗಿಂತ ಹಿತ್ತಿಲ ಕೋಳಿಗಳ ಸಂಖ್ಯೆ ಶೇ. 45ಕ್ಕೂ ಹೆಚ್ಚು ಏರಿತ್ತು. ಸುಧಾರಿತ ತಳಿಗಳ ಮರಿ ಹಳ್ಳಿಮನೆಗಳನ್ನು ಹೊಕ್ಕಿರುವುದು ಈ ಏರಿಕೆಗೆ ಒಂದು ಕಾರಣ.

ಕಾವು ಕೂರುವವಳು ಯಾರು

ಈ ಎರಡು ಬಗೆಯ ಕೋಳಿ ಒಂದೇ ಅಂಗಳದಲ್ಲಿ ಇರಲು ಬಲವಾದ ಕಾರಣವೊಂದಿದೆ. ಹೆಚ್ಚು ಮೊಟ್ಟೆಗಾಗಿ ಆರಿಸುತ್ತ ಬಂದ ತಳಿಗಳಲ್ಲಿ ಕಾವು ಕೂರುವ ಗುಣ ಕಡಿಮೆಯಾಗುತ್ತದೆ. ಕಾವಿಗೆ ಕೂತ ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸುವುದರಿಂದ, ಕಾವಿಲ್ಲದ ಹೇಂಟೆಯೇ ಆಯ್ಕೆಯಲ್ಲಿ ಗೆಲ್ಲುತ್ತದೆ. ಗಿರಿರಾಜ, ಸ್ವರ್ಣಧಾರಗಳು ಮೊಟ್ಟೆಯಿಟ್ಟು ಎದ್ದು ಹೋಗುವಂಥವು. ಅವುಗಳ ಮರಿ ಬೇಕಾದರೆ ಇನ್ಕ್ಯುಬೇಟರ್ ಇರಬೇಕು, ಇಲ್ಲವೇ ಊರ ಹೇಂಟೆ ಬೇಕು. ಊರ ಹೇಂಟೆ ಒಂದು ಸುತ್ತು ಮೊಟ್ಟೆಯಿಟ್ಟ ಮೇಲೆ ಗರಿ ಉಬ್ಬಿಸಿ, ಗುರ್‍ರೆನ್ನುತ್ತ, ಗೂಡಿನ ಮೂಲೆ ಬಿಡದೆ ಕೂರುತ್ತದೆ. ಅಂಥ ಒಂದೆರಡು ಹೇಂಟೆಗಳಿಲ್ಲದ ಮನೆ ಪ್ರತಿ ಸಲವೂ ಮರಿಗೆ ದುಡ್ಡು ಕೊಡಬೇಕಾಗುತ್ತದೆ. ಬ್ಯಾಂಟಮ್ ಮತ್ತು ಸಿಲ್ಕಿಗಳನ್ನು ಬೇರೆ ದೇಶಗಳಲ್ಲಿ ಸಾಕುವುದೂ ಎಷ್ಟೋ ಕಡೆ ಇದೇ ಕಾರಣಕ್ಕೆ, ಬೇರೆಯವರ ಮೊಟ್ಟೆಗೆ ಕಾವು ಕೊಡುವ ತಾಯಿಯರನ್ನಾಗಿ.

ಊರ ಹೇಂಟೆಗೆ ತನ್ನವೇ ಆದ 10-12 ಮೊಟ್ಟೆ ಹಿಡಿಸಿದರೆ ದೊಡ್ಡ ತಳಿಯ 7-8 ಸಾಕು. ಬ್ಯಾಂಟಮ್ ಹೇಂಟೆಗೆ ದೊಡ್ಡ ಮೊಟ್ಟೆ ನಾಲ್ಕೈದಕ್ಕಿಂತ ಹೆಚ್ಚು ಇಡಬಾರದು. ಎದೆಗರಿಯ ಅಂಚಿನಿಂದ ಒಂದು ಮೊಟ್ಟೆ ಇಣುಕಿದರೂ ಅದೊಂದೇ ಕೆಟ್ಟು ಮುಗಿಯುವುದಿಲ್ಲ. ಹೇಂಟೆ ದಿನವೂ ಮೊಟ್ಟೆ ಹೊರಳಿಸುವುದರಿಂದ ಎಲ್ಲವೂ ಸರದಿಯ ಮೇಲೆ ಹೊರಬಂದು ತಣ್ಣಗಾಗುತ್ತವೆ. ಬುಟ್ಟಿಯಲ್ಲಿ ಉಮಿ ಅಥವಾ ಬೈಹುಲ್ಲು ಹಾಸಿ, ಬೂದಿ ಉದುರಿಸಿ ಮೊಟ್ಟೆಯಿಡುತ್ತಾರೆ. ಬೂದಿ ಹೇನಿಗೆ ಮದ್ದು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಬ್ಬಿಣದ ತುಂಡನ್ನೋ ಇದ್ದಿಲನ್ನೋ ಜೊತೆಗಿಡುವ ರೂಢಿಯೂ ಹಲವೆಡೆ ಇದೆ. ಗುಡುಗಿನ ಕಾಲವಾದ ಏಪ್ರಿಲ್-ಮೇ ತಿಂಗಳಲ್ಲಿ ಮೊಟ್ಟೆ ಹೆಚ್ಚು ಕೆಡುವುದು ನಿಜ, ಕಾರಣ ಮಾತ್ರ ಸೆಕೆ. ಸುಮಾರು 21 ಡಿಗ್ರಿ ಸೆಲ್ಸಿಯಸ್ ಮೀರಿದರೆ ಕಾವಿಗಿಡದ ಮೊಟ್ಟೆಯಲ್ಲೂ ಭ್ರೂಣ ಅರೆಬರೆ ಬೆಳೆಯತೊಡಗಿ ಸಾಯುತ್ತದೆ. ಆ ದಿನಗಳಲ್ಲಿ ನಾಲ್ಕೈದು ದಿನಕ್ಕಿಂತ ಹಳೆಯ ಮೊಟ್ಟೆಯನ್ನು ಕಾವಿಗೆ ಆರಿಸದಿರುವುದು ಒಳ್ಳೆಯದು.

ಮರಿಯಾಗಲು 21 ದಿನ. ಬ್ಯಾಂಟಮ್ ಮೊಟ್ಟೆ 19 ಅಥವಾ 20ನೆಯ ದಿನಕ್ಕೇ ಒಡೆಯುವುದುಂಟು, ದೊಡ್ಡ ಮೊಟ್ಟೆ 21 ದಾಟುವುದುಂಟು. ಎರಡನ್ನೂ ಒಂದೇ ಹೇಂಟೆಯಡಿ ಒಂದೇ ದಿನ ಇಟ್ಟರೆ ಮೊದಲು ಹುಟ್ಟಿದ ಮರಿಗಳ ಚಿಂವ್‍ಗುಟ್ಟುವಿಕೆಗೆ ತಾಯಿ ಗೂಡು ಬಿಟ್ಟೇಳುತ್ತದೆ, ಹಿಂದಿನವು ಚಿಪ್ಪಿನೊಳಗೇ ತಣ್ಣಗಾಗುತ್ತವೆ. ಸಣ್ಣ ಮೊಟ್ಟೆಗಳನ್ನು ಒಂದು ದಿನ ತಡವಾಗಿ ಸೇರಿಸುವುದು ಇದಕ್ಕೆ ಸುಲಭದ ಪರಿಹಾರ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿ ಭಾಗ ಎರಡು ದಿನಕ್ಕೆ ಆಹಾರವಾಗುವುದರಿಂದ ಬೇಗ ಬಂದ ಮರಿಗಳನ್ನು ಬುಟ್ಟಿಯಲ್ಲಿ ಬೆಚ್ಚಗೆ ಮುಚ್ಚಿಟ್ಟು, ಎಲ್ಲ ಒಡೆದ ಮೇಲೆ ಒಟ್ಟಿಗೆ ತಾಯಿಗೆ ಒಪ್ಪಿಸಬಹುದು.

ಕೊಂಡು ತಂದ ಮರಿಗಳನ್ನು ಕಾವಿನ ಹೇಂಟೆಗೆ ಸೇರಿಸುವುದು ರಾತ್ರಿಯ ಕೆಲಸ. ದೀಪವಿಲ್ಲದೆ, ಒಂದೊಂದಾಗಿ ರೆಕ್ಕೆಯಡಿ ಸರಿಸಿ, ಅಷ್ಟೇ ಸಂಖ್ಯೆಯ ಮೊಟ್ಟೆಗಳನ್ನು ಹೊರತೆಗೆಯುತ್ತಾರೆ. ಮರಿ ಎರಡು-ಮೂರು ದಿನದ್ದಾಗಿದ್ದರೆ ಬೆಳಗ್ಗೆ ಹೇಂಟೆ ಅದನ್ನು ತನ್ನದೆಂದೇ ಕರೆದೊಯ್ಯುತ್ತದೆ. ವಾರ ಕಳೆದ ಮರಿ ತಾಯಿಯ ದನಿಗೆ ಓಗೊಡದು, ತಾಯಿಯೂ ಅದನ್ನು ಕುಟುಕಿ ಓಡಿಸುತ್ತದೆ. ದೊಡ್ಡ ತಳಿಯ ಮರಿಗಳನ್ನು ಹೀಗೆ ಸಾಕಿದ ಮನೆಯಲ್ಲಿ ಮೂರನೆಯ ವಾರ ರಾತ್ರಿ ಗೂಡಿಗೆ ಬೆಳಕು ಹಾಯಿಸಿ ನೋಡಬೇಕು. ತಾಯಿ ರೆಕ್ಕೆಗಳನ್ನು ನೆಲಕ್ಕೆ ಒರಗಿಸಿ, ಮೈ ಎತ್ತಿ, ಆದಷ್ಟು ಅಗಲವಾಗಿ ಕೂತಿರುತ್ತದೆ. ಊರ ಮರಿಗಳೆಲ್ಲ ಒಳಗೆ. ಗಿರಿರಾಜನ ಮರಿಗಳ ತಲೆ ಮಾತ್ರ ಒಳಗೆ, ಬೆನ್ನು ಹೊರಗೆ, ಆ ಬೆನ್ನಿನ ಮೇಲೆ ಅರೆಬರೆ ಗರಿ. ನವೆಂಬರ್ ಕೊನೆಯಲ್ಲಿ ಇದರಿಂದ ತೊಂದರೆ ಕಡಿಮೆ. ಜೂನ್ ತಿಂಗಳ ಮಳೆರಾತ್ರಿಯಲ್ಲಿ ಈ ಮರಿಗಳಿಗೆ ಹೊರಗಿನ ಶಾಖ ಕೊಡಲೇಬೇಕು.

ಬಲ್ಬಿನಡಿ

ತಾಯಿಯಿಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು. ಅನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಮರಿಯೊಂದಕ್ಕೆ ಒಂದೆರಡು ವಾಟ್ ಎಂಬ ಲೆಕ್ಕದಲ್ಲಿ ಹಳೆಯ ಮಾದರಿಯ ಬಲ್ಬು ತೂಗುಹಾಕುತ್ತಾರೆ. ಎಲ್ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ಹಳೆಯ ಬಲ್ಬು ಅಂಗಡಿಯಲ್ಲಿ ಸಿಗದೆ ಇದನ್ನೇ ತೂಗುಹಾಕಿ ಮರಿ ಕಳೆದುಕೊಳ್ಳುವವರಿದ್ದಾರೆ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಶಾಖ ಕಳೆದುಕೊಳ್ಳುವ ವೇಗವೂ ಹೆಚ್ಚು. ಹೀಗಾಗಿ ಎರಡನೆಯ ವಾರದ ಹೊತ್ತಿಗೆ ಒಂದೇ ಆವರಣದಲ್ಲಿ ಎರಡು ಬಗೆಯ ಅಗತ್ಯ ಹುಟ್ಟುತ್ತದೆ. ಗಿರಿರಾಜನ ಮರಿಗೆ ಹಿತವಾದ ಜಾಗದಲ್ಲಿ ಊರ ಮರಿ ನಡುಗುತ್ತದೆ, ಊರ ಮರಿಗೆ ಹಿತವಾದಲ್ಲಿ ಗಿರಿರಾಜನ ಮರಿ ಬಾಯಿ ತೆರೆದು ಏದುತ್ತದೆ.

ಉಪಾಯ ಸರಳ. ಬಲ್ಬನ್ನು ನಡುವೆ ತೂಗದೆ ಆವರಣದ ಒಂದು ತುದಿಗೆ ತೂಗಬೇಕು. ಆಗ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು, ಮಧ್ಯೆ ಎಲ್ಲ ಹಂತಗಳೂ ಸಿಕ್ಕಿ ಪ್ರತಿ ಮರಿಯೂ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಉಷ್ಣಮಾಪಕಕ್ಕಿಂತ ಮರಿಗಳು ಮಲಗಿದ ಬಗೆಯನ್ನು ನಂಬುವುದು ಮೇಲು. ಬಲ್ಬಿನ ಕೆಳಗೆ ಒತ್ತಿಕೊಂಡು ರಾಶಿಬಿದ್ದು ಜೋರಾಗಿ ಕೂಗಿದರೆ ಚಳಿ. ಗೋಡೆಗೆ ಅಂಟಿ ರೆಕ್ಕೆ ಜೋಲುಬಿಟ್ಟರೆ ಸೆಕೆ. ಅಲ್ಲೊಂದು ಇಲ್ಲೊಂದು ಕಾಲು ಚಾಚಿ ಸುಮ್ಮನೆ ಬಿದ್ದಿದ್ದರೆ ಎಲ್ಲ ಸರಿಯಾಗಿದೆ.

ಜೊತೆಸಾಕಣೆಯಲ್ಲಿ ಸಣ್ಣ ಮರಿ ಸಾಯುವುದು ಬಹುಪಾಲು ಈ ರಾಶಿಬೀಳುವಿಕೆಯಿಂದ. ಕುಟುಕಿನಿಂದ ಸಾಯುವುದು ಅದಕ್ಕಿಂತ ಎಷ್ಟೋ ಕಡಿಮೆ. ರಾತ್ರಿ ಕರೆಂಟು ಹೋಗುತ್ತದೆ, ಮರಿಗಳು ಮೂಲೆಗೆ ನುಗ್ಗುತ್ತವೆ, ದೊಡ್ಡವು ಮೇಲೆ, ಚಿಕ್ಕವು ಕೆಳಗೆ. ಬೆಳಗ್ಗೆ ಅಡಿಯಲ್ಲಿದ್ದವು ಉಸಿರುಗಟ್ಟಿ ಚಪ್ಪಟೆಯಾಗಿರುತ್ತವೆ. ಜೂನ್-ಜುಲೈ ತಿಂಗಳಲ್ಲಿ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ಬೆಳ್ತಂಗಡಿಯ ಘಟ್ಟದಂಚಿನ ಊರುಗಳಲ್ಲಿ ಇದನ್ನು ನಿರೀಕ್ಷಿಸಿಯೇ ಮರಿ ಮಾಡಬೇಕು. ಆವರಣಕ್ಕೆ ಮೂಲೆಯೇ ಇಲ್ಲದಂತೆ ರಟ್ಟು ಅಥವಾ ತಗಡನ್ನು ದುಂಡಗೆ ಬಗ್ಗಿಸಿ ಒಂದೂವರೆ ಅಡಿ ಎತ್ತರದ ಗೋಡೆ ಮಾಡಿದರೆ ಅರ್ಧ ಅಪಾಯ ತಪ್ಪುತ್ತದೆ. ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ಎರಡು-ಮೂರು ಕಡೆ ಇಟ್ಟರೆ ಮರಿಗಳು ಹಂಚಿಹೋಗುತ್ತವೆ. ಗೆರಟೆಯ ಕೆಂಡವನ್ನು ಮಡಕೆಯಲ್ಲಿಟ್ಟು ಶಾಖ ಕೊಡುವುದು ಹಳೆಯ ಕ್ರಮ. ಗಾಳಿಯಾಡದ ಕೋಣೆಯಲ್ಲಿ ಅದರ ವಿಷಾನಿಲ ಮರಿಗಳನ್ನೂ, ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲಬಹುದು.

ನೆಲಕ್ಕೆ ಎರಡು-ಮೂರು ಇಂಚು ಉಮಿ ಹಾಸಬೇಕು. ಮರದ ಹುಡಿ ಬೇಡ, ಹಸಿದ ಮರಿ ಅದನ್ನೇ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತದೆ. ನುಣುಪಾದ ಪತ್ರಿಕೆಯ ಮೇಲೆ ಕಾಲು ಜಾರಿ ಎರಡೂ ಬದಿಗೆ ಕವಲಾದರೆ ಸರಿಪಡಿಸುವುದು ಕಷ್ಟ, ಗೋಣಿಯ ತುಂಡು ಹಾಸಿದರೆ ಹಿಡಿತ ಸಿಗುತ್ತದೆ. ಮೊದಲ ನಾಲ್ಕು ವಾರ ಮರಿಗೆ ಅರ್ಧ ಚದರ ಅಡಿ, ಅನಂತರ ಒಂದು ಚದರ ಅಡಿ ಜಾಗ ವಾಡಿಕೆ. ಬೇರೆ ಬೇರೆ ಗಾತ್ರದವಿದ್ದಾಗ ಈ ಲೆಕ್ಕವನ್ನು ದೊಡ್ಡ ಮರಿಗೆ ಹಾಕಿ, ಸಣ್ಣದಕ್ಕೂ ಅಷ್ಟೇ ಕೊಡಬೇಕು.

ನೀರು, ಮೇವು, ಬಲೆ

ದೊಡ್ಡ ಮರಿಯ ಮೊಣಕಾಲಿನಷ್ಟು ಆಳದ ನೀರು ಬ್ಯಾಂಟಮ್ ಮರಿಗೆ ಬಾವಿಯಿದ್ದಂತೆ. ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ ಸಂದಿಯಲ್ಲಿ ಮಾತ್ರ ನೀರು ನಿಲ್ಲುವಂತೆ ಮಾಡಿದರೆ ಒಂದೇ ಪಾತ್ರೆ ಎರಡಕ್ಕೂ ಸಾಕು. ಹತ್ತು ದಿನ ಕಳೆದ ಮೇಲೆ ಪಾತ್ರೆಯ ಅಂಚು ಮರಿಯ ಬೆನ್ನಿನ ಎತ್ತರದಲ್ಲಿರಬೇಕು ಎಂಬುದು ಎಲ್ಲೆಡೆಯ ನಿಯಮ. ಎರಡು ಎತ್ತರದ ಮರಿಗಳಿದ್ದರೆ ಪಾತ್ರೆಯೂ ಎರಡಿರಬೇಕು.

ಆರಂಭದ ಆಹಾರದಲ್ಲಿ ಶೇ. 20-22 ಪ್ರೋಟೀನ್ ಬೇಕು. ಅಂಗಡಿಯಲ್ಲಿ ಸಿಗುವ ಮರಿಯಾಹಾರ ಎರಡೂ ತಳಿಗೆ ಹೊಂದುತ್ತದೆ, ಆದರೆ ಹರಳು ದೊಡ್ಡದಿದ್ದರೆ ಸಣ್ಣ ಮರಿಗೆ ನುಂಗಲಾಗದು. ಕೈಯಲ್ಲಿ ಪುಡಿಮಾಡಿ ಕೊಡಬೇಕು. ಮೊಟ್ಟೆಕೋಳಿಯ ಆಹಾರವನ್ನು ಮರಿಗೆ ಹಾಕಬಾರದು, ಅದರಲ್ಲಿ ಶೇ. 3.5ರಷ್ಟಿರುವ ಸುಣ್ಣದಂಶ ಎಳೆಯ ಮೂತ್ರಪಿಂಡಕ್ಕೆ ಹಾನಿ. ಊರ ಮರಿ ನುಚ್ಚಕ್ಕಿ, ತೌಡು, ತಾಯಿ ಕೆದಕಿ ತೋರಿಸಿದ ಹುಳಹುಪ್ಪಟೆಗಳಲ್ಲೇ ಬೆಳೆದುಬಿಡುತ್ತದೆ. ವೇಗವಾಗಿ ಬೆಳೆಯುವ ಗಿರಿರಾಜನ ಮರಿಗೆ ಬರೀ ನುಚ್ಚು ಹಾಕಿದರೆ ಕಾಲು ಸೋಲುತ್ತದೆ. ರೈಬೊಫ್ಲೇವಿನ್ ಜೀವಸತ್ವ ಸಾಲದೆ ಬೆರಳು ಒಳಕ್ಕೆ ಮಡಚಿಕೊಳ್ಳುವುದನ್ನು ಇಂಥ ಮರಿಗಳಲ್ಲಿ ಕಾಣಬಹುದು. ಎರಡಕ್ಕೂ ಒಳ್ಳೆಯದಾದ ಪ್ರೋಟೀನ್ ತೋಟದಲ್ಲೇ ಇದೆ. ಗೆದ್ದಲು ಹತ್ತಿದ ಮಡಲನ್ನೋ ಕೊಳೆತ ಕಟ್ಟಿಗೆಯನ್ನೋ ತಂದು ಅಂಗಳದಲ್ಲಿ ಕುಟ್ಟಿದರೆ ಮರಿಗಳು ಮುಗಿಬೀಳುತ್ತವೆ. ಇದನ್ನು ಹಳೆಯ ಪದ್ಧತಿಯೆಂದು ಕೈಬಿಡಬೇಕಿಲ್ಲ, ಅಂಗಡಿಯ ಆಹಾರದ ಖರ್ಚನ್ನು ಇದು ನಿಜವಾಗಿಯೂ ತಗ್ಗಿಸುತ್ತದೆ.

ಗೂಡಿಗೆ ಒಂದಿಂಚು ಕಣ್ಣಿನ ಕೋಳಿಬಲೆ ದೊಡ್ಡ ಮರಿಗೆ ಸಾಕು. ಸಣ್ಣ ಮರಿ ಅದರಲ್ಲಿ ನುಸುಳಿ ಹೊರಗೆ ಹೋಗುತ್ತದೆ, ಕೇರೆಹಾವು, ನಾಗರಹಾವು ನುಸುಳಿ ಒಳಗೆ ಬರುತ್ತವೆ. ನಾಗನನ್ನು ಕೊಲ್ಲದ ನಾಡಿನಲ್ಲಿ ಹಾವನ್ನು ತಡೆಯುವುದಷ್ಟೇ ದಾರಿ, ಅದಕ್ಕೆ ಕೆಳಗಿನ ಎರಡಡಿಗೆ ಅರ್ಧ ಇಂಚಿನ ಬಲೆ ಬೇಕು. ಹಗಲು ಗಿಡುಗ, ಕಾಗೆ, ಕೀರಿಗಳ, ರಾತ್ರಿ ಹೆಗ್ಗಣ ಮತ್ತು ಕಬ್ಬೆಕ್ಕಿನ ಕಾಟವಿದೆ. ಅಂಗಳದಲ್ಲಿ ತಾಯಿ ಎಚ್ಚರಿಕೆಯ ಕೂಗು ಹಾಕಿದ ಕ್ಷಣ ಊರ ಮರಿಗಳು ಕಣ್ಮರೆಯಾಗುತ್ತವೆ. ಬಲ್ಬಿನಡಿ ಬೆಳೆದ ಗಿರಿರಾಜನ ಮರಿ ಬಯಲಲ್ಲೇ ನಿಂತು ನೋಡುತ್ತದೆ. ಒಟ್ಟಿಗೆ ಬೆಳೆದಿದ್ದರೆ ಊರ ಮರಿಗಳ ಓಟ ನೋಡಿ ಅವೂ ಓಡಲು ಕಲಿಯುತ್ತವೆ, ಜೊತೆಸಾಕಣೆಯಿಂದ ದೊಡ್ಡ ಮರಿಗೆ ಆಗುವ ದೊಡ್ಡ ಲಾಭ ಇದು.

ಕುಟುಕಾಟ

ಕೋಳಿಗಳಲ್ಲಿ ಯಾರು ಯಾರನ್ನು ಕುಟುಕಬಹುದು ಎಂಬ ಮೇಲುಕೀಳಿನ ಕ್ರಮವಿದೆಯೆಂದು ನಾರ್ವೆಯ ಥೊರ್ಲೈಫ್ ಶೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ವಿವರಿಸಿದ. ಮರಿಗಳು ಮೂರನೆಯ ವಾರದಿಂದ ಎದೆಯುಬ್ಬಿಸಿ ಎದುರುಬದುರು ಹಾರತೊಡಗುತ್ತವೆ. ಆರರಿಂದ ಎಂಟು ವಾರದೊಳಗೆ ಕ್ರಮ ಗಟ್ಟಿಯಾಗುತ್ತದೆ. ದೊಡ್ಡದೇ ಮೇಲಾಗುತ್ತದೆಂಬ ನಿಯಮವಿಲ್ಲ. ಗಿರಿರಾಜ ಸಾಧು ಸ್ವಭಾವದ್ದು. ಚುರುಕಾದ ಊರ ಮರಿ, ಅದರಲ್ಲೂ ಅಂಕದ, ಅಂದರೆ ಕಾಳಗದ, ಕೋಳಿಯ ರಕ್ತವಿರುವ ಮರಿ, ತನ್ನ ಇಮ್ಮಡಿ ತೂಕದ ಮರಿಯನ್ನು ಮೇವಿನಿಂದ ಅಟ್ಟುವುದು ಕಾಣಸಿಗುತ್ತದೆ. ಮೊದಲ ದಿನದಿಂದ ಒಟ್ಟಿಗಿದ್ದ ಒಂದೇ ವಯಸ್ಸಿನ ಮರಿಗಳು ಗಾತ್ರ ಬೇರೆಯಾದರೂ ಹೊಂದಿಕೊಳ್ಳುತ್ತವೆ. ವಯಸ್ಸು ಬೇರೆಯಾದರೆ ಕಷ್ಟ. ಮೂರು ವಾರದ ಗಿರಿರಾಜನ ಮರಿಗಳ ನಡುವೆ ಮೂರು ದಿನದ ಊರ ಮರಿ ಬಿಟ್ಟರೆ ಅದರ ಕಾಲ್ಬೆರಳು, ಬಾಲದ ಬುಡ ಕುಟುಕಿಗೆ ಗುರಿಯಾಗುತ್ತವೆ. ರಕ್ತ ಕಂಡಮೇಲೆ ಉಳಿದವೂ ಸೇರಿಕೊಳ್ಳುತ್ತವೆ. ವಾರಕ್ಕಿಂತ ಹೆಚ್ಚಿನ ವಯಸ್ಸಿನ ಅಂತರವಿರುವ ಮರಿಗಳನ್ನು ಬೆರೆಸಲೇಬಾರದು. ಜಾತ್ರೆಯಲ್ಲಿ ಮಕ್ಕಳ ಹಟಕ್ಕೆ ಕೊಳ್ಳುವ ಬಣ್ಣ ಬಳಿದ ಮರಿಗಳನ್ನು ತಂದು ನೇರ ಹಿಂಡಿಗೆ ಬಿಟ್ಟರೆ ಇದೇ ಆಗುತ್ತದೆ.

ಚಿಕ್ಕವಕ್ಕೆ ಒಂದು ಆಸರೆ ಬೇಕು. ಅಡಿಕೆ ಮರ ಸೀಳಿದ ಸಲಾಕೆಗಳಿಂದ ಗೂಡಿನ ಒಂದು ಮೂಲೆಗೆ ಅಡ್ಡ ಕಟ್ಟಿ, ನೆಲಮಟ್ಟದಲ್ಲಿ ಊರ ಮರಿಯಷ್ಟೇ ನುಗ್ಗುವಂಥ ಸಂದಿ ಬಿಟ್ಟು, ಒಳಗೊಂದು ಗೆರಟೆಯಲ್ಲಿ ಮೇವು, ಇನ್ನೊಂದರಲ್ಲಿ ನೀರು ಇಟ್ಟರೆ ಆಯಿತು. ಎರಡನೆಯ ವಾರದಲ್ಲೇ ಇದನ್ನು ಕಟ್ಟಬೇಕು, ಸಣ್ಣ ಮರಿಗೆ ದಾರಿ ರೂಢಿಯಾಗಲು ಸಮಯ ಬೇಕು. ದೊಡ್ಡ ಮರಿ ತಲೆ ತೂರಿಸಿ ಭುಜ ಸಿಕ್ಕಿಕೊಂಡು ಹಿಂದೆ ಸರಿಯುವುದನ್ನು, ಒಳಗಿನದು ನಿಶ್ಚಿಂತೆಯಿಂದ ಮೇಯುವುದನ್ನು ನೋಡಿದವರಿಗೆ ಇದರ ಉಪಯೋಗ ಬೇರೆ ವಿವರಿಸಬೇಕಾಗಿಲ್ಲ.

ಮಳೆ ಮತ್ತು ರೋಗ

ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಸು ಒಣಗಿರುವುದೇ ಇಲ್ಲ. ಹೆಚ್ಚು ತಿಂದು ಹೆಚ್ಚು ಹಿಕ್ಕೆ ಹಾಕುವ ದೊಡ್ಡ ಮರಿಗಳು ಅದನ್ನು ಇನ್ನಷ್ಟು ಒದ್ದೆ ಮಾಡುತ್ತವೆ. ಒದ್ದೆ ಹಾಸಿನಲ್ಲಿ ಕಾಕ್ಸಿಡಿಯ ಪರಾವಲಂಬಿಗಳು ಬೆಳೆದು ಮೂರರಿಂದ ಆರು ವಾರದ ಮರಿಗಳಿಗೆ ರಕ್ತಭೇದಿ ತರುತ್ತವೆ. ಉಮಿಯನ್ನು ದಿನವೂ ಕೆದಕಿ, ಒದ್ದೆಯಾದಲ್ಲಿ ತೆಗೆದು, ಸುಣ್ಣ ಉದುರಿಸುವುದು ಮೊದಲ ಕೆಲಸ. ಹಿಕ್ಕೆಯಲ್ಲಿ ರಕ್ತ ಕಂಡರೆ ಆಂಪ್ರೋಲಿಯಮ್ ಮುಂತಾದ ಔಷಧಿಯನ್ನು ಪಶುವೈದ್ಯರ ಸಲಹೆಯಂತೆ ನೀರಿನಲ್ಲಿ ಕೊಡಬೇಕು. ಒಂದೇ ನೀರು ಕುಡಿದರೂ ಸಣ್ಣ ಮರಿ ತನ್ನ ತೂಕಕ್ಕೆ ತಕ್ಕಷ್ಟೇ ಕುಡಿಯುವುದರಿಂದ ಮದ್ದು ತಾನಾಗಿ ಹೊಂದುತ್ತದೆ.

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಊರ ಕೋಳಿಯ ಹಳೆಯ ಯಮ. ಐದರಿಂದ ಏಳನೆಯ ದಿನಕ್ಕೆ ಲಸೋಟಾ ಅಥವಾ ಎಫ್-1 ಲಸಿಕೆ ಕಣ್ಣಿಗೆ ಒಂದು ಹನಿ, 14ನೆಯ ದಿನ ಗಂಬೊರೊ ಎಂಬ ಇನ್ನೊಂದು ರೋಗದ ಲಸಿಕೆ, 28ನೆಯ ದಿನ ಮತ್ತೆ ಲಸೋಟಾ, ಎಂಟು ವಾರ ದಾಟಿದ ಮೇಲೆ ಆರ್2ಬಿ ಚುಚ್ಚುಮದ್ದು. ಮರಿ 20 ಗ್ರಾಂ ಇರಲಿ 40 ಇರಲಿ, ಹನಿ ಒಂದೇ. ಮರಿ ಚಿಕ್ಕದೆಂದು ಅರ್ಧ ಹನಿ ಹಾಕುವುದು ತಪ್ಪು. ತೊಡಕಿರುವುದು ಸೀಸೆಯಲ್ಲಿ. ನೂರಕ್ಕೂ ಹೆಚ್ಚು ಮರಿಗಳಿಗಾಗುವ ಸೀಸೆಯನ್ನು ಕಲಸಿದ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಮನೆಯಲ್ಲಿರುವುದು ಹದಿನೈದು ಮರಿ. ನಾಲ್ಕೈದು ಮನೆಯವರು ಒಂದೇ ವಾರ ಮರಿ ಮಾಡಿಸಿ ಒಂದೇ ಸೀಸೆ ಹಂಚಿಕೊಳ್ಳುವುದೇ ಇದಕ್ಕೆ ಮದ್ದು. ಮಹಿಳಾ ಸ್ವಸಹಾಯ ಸಂಘಗಳು ಊರೂರಲ್ಲೂ ಇರುವ ಬೆಳ್ತಂಗಡಿಯಂಥ ತಾಲೂಕಿನಲ್ಲಿ ಇದು ಸಾಧ್ಯವಾಗಲೇಬೇಕಾದ ಕೆಲಸ. ಕೋಳಿ ಸಿಡುಬು ಸೊಳ್ಳೆಯಿಂದ ಹರಡುತ್ತದೆ. ತೋಟದಲ್ಲಿ ನೀರು ನಿಂತ ಅಡಿಕೆ ಹಾಳೆ, ಗೆರಟೆಗಳನ್ನು ಮಗುಚಿ ಹಾಕಿದರೆ ಮನುಷ್ಯರಿಗೂ ಕೋಳಿಗೂ ಒಳ್ಳೆಯದು.

ಸಿಲ್ಕಿಯಂಥ ಅಲಂಕಾರದ ಕೋಳಿಗಳು ಮಾರೆಕ್ಸ್ ರೋಗಕ್ಕೆ ಬೇಗ ಬಲಿಯಾಗುತ್ತವೆ. ಇದರ ಲಸಿಕೆ ಕೊಡಬೇಕಾದದ್ದು ಹುಟ್ಟಿದ ದಿನ, ಹ್ಯಾಚರಿಯಲ್ಲಿ. ಬೆಳೆದ ಕೋಳಿಯ ಗರಿಯ ಧೂಳಿನಿಂದ ಇದು ಹರಡುವುದರಿಂದ ಇಂಥ ಮರಿಗಳನ್ನು ದೊಡ್ಡ ಕೋಳಿಗಳ ಗೂಡಿನಿಂದ ದೂರವಿಡಬೇಕು. ಕೊಂಡ ಮರಿಗಳನ್ನು, ಕಾವಿನ ಹೇಂಟೆಗೆ ಸೇರಿಸಿದ್ದರೆ ಆ ಹೇಂಟೆಯ ಸಮೇತ, ಎರಡು ವಾರ ಹಿಂಡಿನಿಂದ ಬೇರೆಯಿಟ್ಟು ನೋಡುವ ನಿಯಮ ಎಲ್ಲಕ್ಕೂ ಅನ್ವಯಿಸುತ್ತದೆ. ಕಂಪನಿಯಿಂದ ಮರಿ, ಮೇವು ಪಡೆದು ಬ್ರಾಯ್ಲರ್ ಸಾಕುವವರು ಅದೇ ಹಿತ್ತಿಲಲ್ಲಿ ಊರ ಕೋಳಿ ಬಿಡುವುದು ಎರಡಕ್ಕೂ ಅಪಾಯ. ತೀರ ಚಿಕ್ಕದಾಗಿ ಹುಟ್ಟುವ ಜಪಾನಿ ಲಾವಕ್ಕಿ ಮರಿಗಳನ್ನಾಗಲಿ ಟರ್ಕಿ ಕೋಳಿ ಮರಿಗಳನ್ನಾಗಲಿ ಈ ಗುಂಪಿಗೆ ಸೇರಿಸುವಂತಿಲ್ಲ. ಕೋಳಿಗೆ ಸಾಮಾನ್ಯವಾಗಿ ಹೆಚ್ಚೇನೂ ಮಾಡದ ಹಿಸ್ಟೊಮೊನಾಸ್ ಪರಾವಲಂಬಿ ಟರ್ಕಿಯ ಯಕೃತ್ತನ್ನು ಹಾಳುಮಾಡುತ್ತದೆ.

ಬೇರ್ಪಡಿಸುವ ಹೊತ್ತು

ನಾಲ್ಕರಿಂದ ಆರು ವಾರದ ನಡುವೆ, ಗರಿ ತುಂಬಿ ಬಲ್ಬು ತೆಗೆದ ಮೇಲೆ, ರಾತ್ರಿಯ ಗೂಡನ್ನು ಬೇರೆ ಮಾಡುವುದು ಸೂಕ್ತ. ಹಗಲು ಒಟ್ಟಿಗೆ ಮೇಯಲಿ. ಊರ ಕೋಳಿ ಎತ್ತರದ ಅಡ್ಡಗಳುವಿಗೆ ಹಾರಿ ಕೂರುತ್ತದೆ. ಭಾರದ ತಳಿ ಎತ್ತರದಿಂದ ಹಾರಿ ಇಳಿಯುವಾಗ ಪಾದಕ್ಕೆ ಪೆಟ್ಟಾಗಿ ಬಾವು ಬರುವುದರಿಂದ ಅದಕ್ಕೆ ಮೊಣಕಾಲೆತ್ತರದ ಗಳು ಸಾಕು.

ಹುಂಜಗಳ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. 4 ಕೆ.ಜಿ.ಯ ಹುಂಜ ಒಂದೂಕಾಲು ಕೆ.ಜಿ.ಯ ಹೇಂಟೆಯನ್ನು ಮೆಟ್ಟಿದರೆ ಬೆನ್ನಿನ ಗರಿ ಕಿತ್ತು, ಪಕ್ಕೆ ಸೀಳಿ ಗಾಯವಾಗುತ್ತದೆ. ದೊಡ್ಡ ಹುಂಜದಿಂದಾಗಿ ಹೇಂಟೆಯ ಮೊಟ್ಟೆ ದೊಡ್ಡದಾಗಿ ಸಿಕ್ಕಿಕೊಳ್ಳಬಹುದೆಂಬ ಭಯಕ್ಕೆ ಆಧಾರವಿಲ್ಲ, ಮೊಟ್ಟೆಯ ಗಾತ್ರ ಹೇಂಟೆಯದೇ. ಆದರೆ ಆ ಮೊಟ್ಟೆಯಿಂದ ಬಂದ ಹೆಣ್ಣುಮರಿಗಳಲ್ಲಿ ಕಾವಿನ ಗುಣ ತಗ್ಗುತ್ತದೆ. ಹೀಗೆ ಎರಡು-ಮೂರು ತಲೆಮಾರು ಬೆರೆತ ಅಂಗಳದಲ್ಲಿ ಕೋಳಿಗಳೆಲ್ಲ ತೂಕವಾಗಿರುತ್ತವೆ, ಕಾವು ಕೂರುವುದು ಒಂದೂ ಇರುವುದಿಲ್ಲ. ಜೊತೆಸಾಕಣೆಯಿಂದ ಆಗುವ ದೀರ್ಘಕಾಲದ ನಷ್ಟ ಇದು, ಮರಿಗಳ ಸಾವಿಗಿಂತ ದೊಡ್ಡದು.

ಊರ ಕೋಳಿ ಇನ್ನೂ ಉಳಿದಿರುವುದಕ್ಕೆ ಅದರ ಬೆಲೆ ಒಂದು ಕಾರಣ. ಬ್ರಾಯ್ಲರ್‌ಗಿಂತಲೂ, ಇಲ್ಲಿನ ಪೇಟೆಯಲ್ಲಿ ಟೈಸನ್ ಎನ್ನುವ ಬಣ್ಣದ ಮಾಂಸದ ಕೋಳಿಗಿಂತಲೂ ಅದು ತುಟ್ಟಿ. ಕೋರಿ ರೊಟ್ಟಿಯ ಗಸಿಗೆ ಅದೇ ಬೇಕೆನ್ನುವ ನಾಲಿಗೆಗಳಿವೆ. ದೈವಗಳಿಗೆ ಅಗೆಲು ಬಡಿಸಲು ಊರ ಹುಂಜವೇ ಆಗಬೇಕೆಂಬ ನಂಬಿಕೆಯಿದೆ. ಕೋಳಿ ಅಂಕಕ್ಕಾಗಿ ಹುಂಜಗಳನ್ನು ಆರಿಸಿ ಬೆಳೆಸುವವರಿಂದ ಕೆಲವು ಬಣ್ಣ, ಮೈಕಟ್ಟು ಉಳಿದುಬಂದಿರಬಹುದು, ಆದರೆ ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಕಾವಿನ ಗುಣ ಉಳಿಸಿಕೊಳ್ಳಲು ಮನೆಮಟ್ಟದಲ್ಲಿ ಮಾಡಬೇಕಾದ್ದು ಇಷ್ಟು: ದೊಡ್ಡ ತಳಿಯ ಗಂಡುಮರಿಗಳನ್ನು ಕೂಗು ಶುರುಮಾಡುವ ಮೊದಲೇ, ಮೂರೂವರೆ-ನಾಲ್ಕು ತಿಂಗಳಿಗೆ ಮಾರಿಬಿಡುವುದು ಅಥವಾ ಬೇರೆ ಕಟ್ಟುವುದು, ಹಿಂಡಿಗೆ ಊರ ಹುಂಜವನ್ನೇ ಇಟ್ಟುಕೊಂಡು, ಎರಡು ವರ್ಷಕ್ಕೊಮ್ಮೆ ಬೇರೆ ಮನೆಯ ಹುಂಜದೊಂದಿಗೆ ಬದಲಾಯಿಸಿಕೊಳ್ಳುವುದು, ಚೆನ್ನಾಗಿ ಕಾವು ಕೂತು ಮರಿಗಳನ್ನು ಎಂಟು ವಾರ ಕಾಯ್ದ ಹೇಂಟೆಯ ಮೊಟ್ಟೆಗಳನ್ನು ಗುರುತು ಮಾಡಿ ಮುಂದಿನ ಕಾವಿಗೆ ತೆಗೆದಿಡುವುದು. ಗಿರಿರಾಜನ ಹೇಂಟೆಗಳು ಅದೇ ಹಿಂಡಿನಲ್ಲಿ ಮೊಟ್ಟೆಗಾಗಿ ಇರಬಹುದು. ಅವುಗಳ ಮೊಟ್ಟೆ ಬಣ್ಣದಲ್ಲೂ ಗಾತ್ರದಲ್ಲೂ ಸುಲಭವಾಗಿ ಗುರುತು ಸಿಗುವುದರಿಂದ ಕಾವಿನ ಬುಟ್ಟಿಯಲ್ಲಿ ಬೆರೆಯುವ ಅಂಜಿಕೆಯಿಲ್ಲ.